ಹಂಪಿಯಲ್ಲಿ ನೀರಿನ ಬೆನ್ನು ಹತ್ತಿ



ಹಂಪಿ ನೋಡಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಪಟ್ಟಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ವಿರೂಪಾಕ್ಷನ ಗುಡಿ. ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ. ಉಗ್ರನರಸಿಂಹ. ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಕಲ್ಲಿನ ರಥ. ಕಮಲ ಮಹಲು, ಆನೆ ಲಾಯ. ಕೊನೆಗೊಂದು ನಿಟ್ಟುಸಿರು. ಎಂಥ ವೈಭವ, ಎಲ್ಲ ಹಾಳಾಗಿ ಹೋಯಿತಲ್ಲ! ಹಾಳು ಹಂಪಿ ಎನ್ನುವುದು ನಮಗೆ ಅಷ್ಟು ರೂಢಿಯಾಗಿದೆ.

ಇವತ್ತು ನಾನು ನಿಮ್ಮನ್ನು ಅದೇ ಹಂಪಿಗೆ ಇನ್ನೊಂದು ದಾರಿಯಿಂದ ಕರೆದುಕೊಂಡು ಹೋಗುತ್ತೇನೆ. ಗುಡಿಯಿಂದ ಗುಡಿಗೆ ಹೋಗುವ ದಾರಿಯನ್ನು ಈ ಸಲ ಬಿಡೋಣ. ನೀರು ಹೋದ ದಾರಿಯನ್ನು ಹಿಡಿಯೋಣ. ಈ ದಾರಿಯಲ್ಲಿ ನಡೆದರೆ ಹಂಪಿಯ ಒಂದು ದೊಡ್ಡ ಭಾಗ ಹಾಳಾಗಿಯೇ ಇಲ್ಲ ಎಂಬುದು ತಿಳಿಯುತ್ತದೆ. ಅದು ಇವತ್ತಿಗೂ ಕೆಲಸ ಮಾಡುತ್ತಿದೆ. ಅದರ ದಡದಲ್ಲಿ ಬಾಳೆಗೊನೆ ತೂಗುತ್ತಿದೆ.

ಮೊದಲು ಜಾಗವನ್ನು ಮನಸ್ಸಿಗೆ ತಂದುಕೊಳ್ಳಿ. ಕಣ್ಣು ಹೋದಲ್ಲೆಲ್ಲ ಬಂಡೆ. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ನಿಂತ ಗುಡ್ಡಗಳು. ಬಿಸಿಲು ಏರಿದರೆ ಆ ಕಲ್ಲೆಲ್ಲ ಕಾದ ಹಂಚು. ಮಳೆ ಕಡಿಮೆಯ ಸೀಮೆ ಅದು. ಆದರೆ ಈ ಬಂಡೆಗಳ ನಡುವೆ ತುಂಬಿದ ನದಿಯೊಂದು ಹಾಯ್ದು ಹೋಗುತ್ತದೆ. ತುಂಗಭದ್ರೆ. ಅವಳ ನೀರು ಇಲ್ಲಿಯ ಮಳೆಯಿಂದ ಬಂದದ್ದಲ್ಲ, ಮಲೆನಾಡಿನಿಂದ ಹರಿದು ಬಂದದ್ದು. ಇಲ್ಲಿ ಮೋಡ ಇಲ್ಲದ ದಿನವೂ ಹೊಳೆಗೆ ಮಹಾಪೂರ ಬರಬಹುದು.

ಹಾಗಾದರೆ ನೀರಿಗೇನು ಕೊರತೆ ಎಂದು ನೀವು ಕೇಳಬಹುದು. ಕೊರತೆ ನೀರಿನದಲ್ಲ, ಎತ್ತರದ್ದು. ನದಿ ಕೆಳಗೆ, ಬಂಡೆಗಳ ಕೊರಕಲಿನಲ್ಲಿ ಹರಿಯುತ್ತದೆ. ಊರು ಮೇಲೆ. ಅರಮನೆ ಇನ್ನೂ ಒಳಗೆ, ನದಿಯಿಂದ ಮೈಲಿಗಟ್ಟಲೆ ದೂರ. ಸಂಪ್ರದಾಯದ ಲೆಕ್ಕದಲ್ಲಿ 1336ರಲ್ಲಿ ಹುಟ್ಟಿದ ಈ ರಾಜಧಾನಿ ಸುಮಾರು ಇನ್ನೂರ ಮೂವತ್ತು ವರ್ಷ ಬಾಳಿತು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನ ಕಾಲದಲ್ಲಿ ಬಂದು ನೋಡಿ, ಇದು ರೋಮ್‌ನಷ್ಟು ದೊಡ್ಡದು ಎಂದು ಬರೆದಿಟ್ಟ. ಅಷ್ಟು ಜನಕ್ಕೆ, ಅವರ ಆನೆ ಕುದುರೆಗಳಿಗೆ, ಅವರ ಗದ್ದೆ ತೋಟಗಳಿಗೆ ನೀರು ಬೇಕಲ್ಲ. ಕೊಡದಲ್ಲಿ ಹೊತ್ತು ತೀರುವ ಕೆಲಸವೇ ಅದು?

ಅಂದರೆ ನೀರು ಕೆಳಗಿದೆ, ಊರು ಮೇಲಿದೆ. ಇಷ್ಟನ್ನು ನೆನಪಿಟ್ಟುಕೊಂಡು ಮುಂದೆ ಬನ್ನಿ.

ವಿಜಯನಗರದವರು ಕಂಡುಕೊಂಡ ಉಪಾಯ ಸರಳ. ನದಿ ಕೆಳಗಿಳಿಯುವ ಮೊದಲೇ, ಮೇಲ್ಗಡೆಯಲ್ಲೇ ಅದರಿಂದ ಒಂದು ಪಾಲು ಎತ್ತಿಕೊಳ್ಳುವುದು. ಹಂಪಿಯಿಂದ ಮೇಲೆ ನದಿ ಬಂಡೆಗಳ ನಡುವೆ ಕವಲು ಕವಲಾಗಿ ಒಡೆಯುತ್ತದೆ. ಅಲ್ಲಿ ಬಂಡೆಯಿಂದ ಬಂಡೆಗೆ ಕಲ್ಲಿನ ಒಡ್ಡು ಕಟ್ಟಿದರು. ಭಾರಿ ಕಲ್ಲುಗಳು, ಅವುಗಳನ್ನು ಬಿಗಿಯುವ ಕಬ್ಬಿಣದ ಹಿಡಿಕೆಗಳು. ಒಡ್ಡು ಎತ್ತರವಿಲ್ಲ. ಹೊಳೆಯನ್ನು ಅದು ನಿಲ್ಲಿಸುವುದಿಲ್ಲ. ನೀರಿನ ಮಟ್ಟವನ್ನು ಸ್ವಲ್ಪ ಏರಿಸಿ, ಪಕ್ಕದ ಕಾಲುವೆಯ ಬಾಯಿಗೆ ತಿರುಗಿಸುತ್ತದೆ. ಮಿಕ್ಕದ್ದು ಒಡ್ಡಿನ ಮೇಲೆಯೇ ಉಕ್ಕಿ ಹೋಗುತ್ತದೆ. ಪೂರ ಬಂದರೆ ಒಡ್ಡು ಮುಳುಗುತ್ತದೆ, ಇಳಿದರೆ ಮತ್ತೆ ಕಾಣುತ್ತದೆ. ಹೊಳೆಯ ಜತೆ ಜಗಳಕ್ಕೆ ನಿಲ್ಲದ ಕಟ್ಟಡ ಅದು. ಅದಕ್ಕೇ ಬಾಳಿಕೆ ಬಂತು ಎಂದು ನನ್ನ ಎಣಿಕೆ.

ಇಂಥ ಒಂದು ಒಡ್ಡಿನಿಂದ ಹೊರಟದ್ದು ತುರ್ತಾ ಕಾಲುವೆ. ಹಂಪಿಗೆ ಹೋದವರೆಲ್ಲ ಇದನ್ನು ದಾಟಿದ್ದಾರೆ. ನೋಡಿದವರು ಕಡಿಮೆ. ಗುಡಿಗಳಿರುವ ನದಿಯ ಬದಿಗೂ ಅರಮನೆಗಳಿರುವ ಒಳಬದಿಗೂ ನಡುವೆ ಒಂದು ಹಸುರು ಕಣಿವೆ ಇದೆ. ಬಾಳೆ, ಕಬ್ಬು, ಭತ್ತ, ತೆಂಗು. ಆ ಕಣಿವೆಯ ಪ್ರಾಣ ಈ ಕಾಲುವೆ. ಅದು ನೆಟ್ಟಗೆ ಹೋಗುವುದಿಲ್ಲ. ಗುಡ್ಡದ ಬುಡ ಹಿಡಿದು, ಬಂಡೆ ಅಡ್ಡ ಬಂದಲ್ಲಿ ಬಳಸಿ, ಇಳಿಜಾರು ಕೆಡದ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ಅದರ ಏರಿಯ ಮೇಲೆ ನಡೆಯಿರಿ. ಒಂದು ಕಡೆ ಕಾದ ಬಂಡೆ, ಇನ್ನೊಂದು ಕಡೆ ತಂಪು ತೋಟ. ನಡುವೆ ಮೊಣಕಾಲುದ್ದದ ನೀರಿನ ಸದ್ದು. ಅಲ್ಲಲ್ಲಿ ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು. ಟಿಕೆಟ್ಟಿಲ್ಲ, ಫಲಕವಿಲ್ಲ. ಆರು ಶತಮಾನದ ಹತ್ತಿರದ ಕಾಲುವೆಗೆ ಒಂದು ಫಲಕವಾದರೂ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ. ರೈತರಿಗೆ ಅದರ ಗೊಡವೆ ಇಲ್ಲ. ಅವರಿಗೆ ಇದು ಸ್ಮಾರಕವೇ ಅಲ್ಲ, ಗದ್ದೆಯ ನೀರು.

ಈ ಕಾಲುವೆಯ ನಂಟು ದೇವರಿಗೂ ಉಂಟು. ಉಗ್ರನರಸಿಂಹನ ಪಕ್ಕದಲ್ಲೇ ಒಂದು ಚಿಕ್ಕ ಗುಡಿ. ಒಳಗೆ ಸುಮಾರು ಹತ್ತಡಿ ಎತ್ತರದ ಏಕಶಿಲೆಯ ಲಿಂಗ. ಬಡವಿಲಿಂಗ ಎನ್ನುತ್ತಾರೆ. ಲಿಂಗದ ಪೀಠದ ಸುತ್ತ ಯಾವಾಗಲೂ ನೀರು. ಭಕ್ತರು ಹೊರಗೇ ನಿಂತು ಕೈಮುಗಿಯುತ್ತಾರೆ. ಆ ನೀರು ಒರತೆಯದಲ್ಲ, ಕಾಲುವೆಯದು. ಗದ್ದೆಗೆ ಹೋಗುವ ನೀರು ದಾರಿಯಲ್ಲಿ ಶಿವನ ಪಾದ ತೊಳೆದು ಹೋಗಲಿ ಎಂದು ಯಾರೋ ಯೋಚನೆ ಮಾಡಿ ಕಟ್ಟಿದ್ದು. ವಿರೂಪಾಕ್ಷನ ಗುಡಿಯಲ್ಲೂ ಹಾಗೆಯೇ. ನದಿಯಿಂದ ಬಂದ ಸಣ್ಣ ಕಾಲುವೆಯೊಂದು ಗುಡಿಯ ಅಡುಗೆಮನೆಯನ್ನು ಹಾಯ್ದು ಹೊರಗೆ ಹೋಗುತ್ತದೆ. ಗುಡಿಗೆ ಹೋದಾಗ ಅದನ್ನು ಕೇಳಿ ನೋಡಿ. ಚಾವಣಿಯ ಚಿತ್ರ, ಗೋಪುರದ ತಲೆಕೆಳಗಾದ ನೆರಳು, ಇವೆರಡನ್ನು ನೋಡಿ ಬರುವವರೇ ಎಲ್ಲ.

ಇಷ್ಟು ಹೊತ್ತು ನಾವು ನದಿಯ ಬದಿಯ ನೀರನ್ನು ನೋಡಿದೆವು. ಒಡ್ಡು, ಕಾಲುವೆ, ಗದ್ದೆ, ಗುಡಿ. ಈಗ ಒಳಗೆ, ಅರಮನೆಯ ಆವರಣಕ್ಕೆ ಹೋಗೋಣ. ಅಲ್ಲಿಯ ನೀರಿನ ನಡೆ ಬೇರೆ.

ಅರಮನೆಗೆ ನೀರು ಬಂದದ್ದು ಬಹುಪಾಲು ಕಮಲಾಪುರದ ಕೆರೆಯಿಂದ. ಹೊಸಪೇಟೆಯಿಂದ ಕಮಲಾಪುರದ ದಾರಿಯಲ್ಲಿ ಬಂದರೆ ಈ ಕೆರೆ ಸಿಗುತ್ತದೆ. ಕೆರೆ ಎತ್ತರದಲ್ಲಿದೆ, ಅರಮನೆ ತಗ್ಗಿನಲ್ಲಿ. ಕೆರೆಯಿಂದ ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳು, ನೆಲದ ಮೇಲೆ ಕಲ್ಲಿನ ಕಾಲುವೆಗಳು. ತಗ್ಗು ಅಡ್ಡ ಬಂದಲ್ಲಿ ಕಲ್ಲಿನ ಕಂಬಗಳ ಸಾಲು, ಅವುಗಳ ನೆತ್ತಿಯ ಮೇಲೆ ಕಲ್ಲಿನ ದೋಣಿ. ಆ ದೋಣಿಯಲ್ಲಿ ನೀರು ತಲೆಯೆತ್ತರದಲ್ಲಿ ಹರಿದು ಹೋಗುತ್ತಿತ್ತು. 1443ರಲ್ಲಿ ಪರ್ಷಿಯಾದ ದೊರೆಯ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿಗೆ ಬಂದ. ಆಗ ಇಮ್ಮಡಿ ದೇವರಾಯನ ಆಳ್ವಿಕೆ. ಅರಮನೆಯ ಹತ್ತಿರ ನುಣುಪಾಗಿ ಕೆತ್ತಿದ ಕಲ್ಲುಕಾಲುವೆಗಳಲ್ಲಿ ನೀರು ಹರಿಯುವುದನ್ನು ಕಂಡು ಬೆರಗಾಗಿ ಬರೆದಿದ್ದಾನೆ. 

ಅರಮನೆ ಆವರಣದಲ್ಲಿ ನೀವು ತಪ್ಪದೆ ನಿಲ್ಲಬೇಕಾದ ಜಾಗ ಮೆಟ್ಟಿಲುಗಳ ಪುಷ್ಕರಣಿ. ಚಲನಚಿತ್ರಗಳಲ್ಲಿ, ಮದುವೆಯ ಫೋಟೋಗಳಲ್ಲಿ ಇದನ್ನು ನೋಡಿದವರು ಇದ್ದೀರಿ. ನೋಡದವರಿಗಾಗಿ ಹೇಳುತ್ತೇನೆ. ಸುಮಾರು ಎಪ್ಪತ್ತು ಅಡಿ ಉದ್ದ, ಅಷ್ಟೇ ಅಗಲ, ಇಪ್ಪತ್ತು ಅಡಿಗೂ ಮೀರಿದ ಆಳ. ನಾಲ್ಕೂ ಕಡೆಯಿಂದ ಐದು ಅಂತಸ್ತುಗಳಲ್ಲಿ ಕೆಳಗಿಳಿಯುತ್ತದೆ. ಒಂದೊಂದು ಅಂತಸ್ತಿಗೂ ಪುಟ್ಟ ಪುಟ್ಟ ಮೆಟ್ಟಿಲುಗಳ ಗುಂಪು, ಗೋಪುರವನ್ನು ಅರ್ಧಕ್ಕೆ ಸೀಳಿ ಗೋಡೆಗೆ ಆನಿಸಿದಂತೆ. ಸುತ್ತಲಿನ ಹಂಪಿಯೆಲ್ಲ ಬೂದು, ಕಂದು ಬಣ್ಣದ ಕಲ್ಲು. ಇದು ಮಾತ್ರ ಕಪ್ಪು. ಅಂಚುಗಳು ಈಗ ತಾನೇ ಉಳಿಯಿಂದ ಬಿಡಿಸಿದಷ್ಟು ಚೂಪು.

ಇದು ಯಾರಿಗೂ ಗೊತ್ತೇ ಇರಲಿಲ್ಲ. ಮಣ್ಣಿನಲ್ಲಿ ಹೂತುಹೋಗಿತ್ತು. 1980ರ ದಶಕದ ಉತ್ಖನನದಲ್ಲಿ ಮೇಲೆ ಬಂತು. ಅಗೆಯುವವರನ್ನು ಅಲ್ಲಿಗೆ ಕರೆದೊಯ್ದ ಸುಳಿವುಗಳಲ್ಲಿ ಕಂಬಗಳ ಮೇಲಿನ ಆ ಕಲ್ಲುಕಾಲುವೆಯೂ ಒಂದಿದ್ದೀತು ಎಂದು ಊಹಿಸಲು ಅಡ್ಡಿಯಿಲ್ಲ. ಕಾಲುವೆ ಇದ್ದ ಮೇಲೆ ಅದು ಎಲ್ಲಿಗಾದರೂ ಹೋಗಿ ಸೇರಲೇಬೇಕಲ್ಲ! ಮಣ್ಣು ತೆಗೆದ ಮೇಲೆ ಇನ್ನೊಂದು ಸಂಗತಿ ಕಂಡಿತು. ಕಲ್ಲುಗಳ ಮೇಲೆ ಸಣ್ಣ ಗುರುತುಗಳು. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯ ಮೆಟ್ಟಿಲಿನದು ಎಂದು ಶಿಲ್ಪಿಗಳು ಕೊರೆದುಕೊಂಡ ಲೆಕ್ಕ. ಅಂದರೆ ಕಲ್ಲುಗಳನ್ನು ಬೇರೆಲ್ಲೋ ಕೆತ್ತಿ, ಗುರುತು ಹಾಕಿ, ಇಲ್ಲಿಗೆ ತಂದು ಜೋಡಿಸಿದ್ದಾರೆ. ರಾಜರ ಹೊಗಳಿಕೆಯ ಶಾಸನಗಳಿಗಿಂತ ನನಗೆ ಈ ಗುರುತುಗಳೇ ಹೆಚ್ಚು ಪ್ರಿಯ. ಕೆಲಸಗಾರ ಕೆಲಸಗಾರನಿಗೆ ಬರೆದ ಚೀಟಿ ಅದು.

ಅಲ್ಲಿಂದ ರಾಣಿಯರ ಸ್ನಾನಗೃಹ ಹತ್ತಿರ. ಹೊರಗಿನಿಂದ ಬೋಳು ಗೋಡೆ. ಒಳಗೆ ಹೋದರೆ ಕಮಾನುಗಳ ಪಡಸಾಲೆ, ನೀರಿನ ಮೇಲೆ ಚಾಚಿದ ಗವಾಕ್ಷಿಗಳು, ನಡುವೆ ಬಾನಿಗೆ ತೆರೆದ ಕೊಳ. ಕೊಳದ ಅಗಲ ಸುಮಾರು ಐವತ್ತಡಿ, ಆಳ ಆರಡಿ. ಕಟ್ಟಡದ ಸುತ್ತ ಕಂದಕ. ಹೆಸರೇನೋ ರಾಣಿಯರದು. ಅಲ್ಲಿ ಮಿಂದವರು ರಾಣಿಯರೇ ಎಂಬುದಕ್ಕೆ ಆಧಾರವಿಲ್ಲ. ಮಾರ್ಗದರ್ಶಿಗಳು ಹೇಳುವ ಗುಲಾಬಿ ಎಸಳಿನ ಕಥೆಗಳನ್ನು ಕೇಳಿ ಸಂತೋಷಪಡಿ. ಆದರೆ ಒಂದು ಪ್ರಶ್ನೆಯನ್ನೂ ಕೇಳಿ. ನೀರು ಎಲ್ಲಿಂದ ಬಂತು, ಹೇಗೆ ಹೊರಗೆ ಹೋಯಿತು? ಹಂಪಿಯ ಯಾವ ಕಟ್ಟಡದಲ್ಲಿ ಕೇಳಿದರೂ ಈ ಪ್ರಶ್ನೆಗೆ ಕಲ್ಲಿನಲ್ಲೇ ಉತ್ತರ ಸಿಗುತ್ತದೆ. ಭೋಜನಶಾಲೆ ಎಂದು ಕರೆಯುವ ಜಾಗದಲ್ಲಂತೂ ಉತ್ತರ ಕಣ್ಣೆದುರಿಗೇ ಇದೆ. ಉದ್ದನೆಯ ಕಾಲುವೆ, ಅದರ ಎರಡೂ ದಡದಲ್ಲಿ ಕಲ್ಲಿನ ತಟ್ಟೆಗಳ ಸಾಲು. ಪಲ್ಯಕ್ಕೊಂದು ಗುಳಿ, ಸಾರಿಗೊಂದು ಗುಳಿ ಎನ್ನುವ ಹಾಗೆ ಕೊರೆದದ್ದು. ಊಟವಾದ ಮೇಲೆ ಕೈ ತೊಳೆಯಲು ಏಳಬೇಕಾಗಿಯೇ ಇಲ್ಲ.

ಇಲ್ಲಿಯವರೆಗೆ ಎರಡು ನೀರು ನೋಡಿದೆವು. ಗದ್ದೆಯ ನೀರು, ಅರಮನೆಯ ನೀರು. ಇದನ್ನೆಲ್ಲ ಕಟ್ಟಿದ್ದು ಹೇಗೆ, ಯಾರ ಬೆವರಿನಿಂದ? ಹಂಪಿಯ ಪ್ರವಾಸದಲ್ಲಿ ಯಾರೂ ತೋರಿಸದ ಒಂದು ಕೆರೆಯ ಮಾತು ಈಗ.

ಹೊಸಪೇಟೆಯ ದಕ್ಷಿಣಕ್ಕೆ, ಎರಡು ಗುಡ್ಡಗಳು ಹತ್ತಿರ ಬರುವ ಕಡೆ ಒಂದು ಭಾರಿ ಏರಿ ಇದೆ. ರಾಯರಕೆರೆ. ಕೃಷ್ಣದೇವರಾಯ ಕಟ್ಟಿಸಿದ್ದು. ಪಯಸ್ ಇದರ ಕೆಲಸ ನಡೆಯುವಾಗಲೇ ಬಂದಿದ್ದ. ಹದಿನೈದು, ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರು, ಅವರ ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ ಎಂದು ಬರೆದಿದ್ದಾನೆ. ಏರಿ ನಿಲ್ಲಲಿಲ್ಲ. ಎರಡು ಮೂರು ಸಲ ಒಡೆಯಿತು. ದೇವರಿಗೆ ಬಲಿ ಬೇಕು ಎಂದು ಪುರೋಹಿತರು ಹೇಳಿದರಂತೆ. ಅರವತ್ತು ಮನುಷ್ಯರ ತಲೆ, ಜತೆಗೆ ಕುದುರೆ, ಕೋಣಗಳ ತಲೆ ಕಡಿಸಿದರು ಎಂದು ಪಯಸ್ ಹೇಳುತ್ತಾನೆ. ಕೆಲವು ವರ್ಷಗಳ ಮೇಲೆ ಬಂದ ನ್ಯೂನಿಜ್ ಎಂಬ ಕುದುರೆ ವ್ಯಾಪಾರಿಯೂ ಇದೇ ಮಾತು ಬರೆದು, ಸತ್ತವರು ಮರಣದಂಡನೆಗೆ ಗುರಿಯಾಗಿದ್ದ ಕೈದಿಗಳು ಎನ್ನುತ್ತಾನೆ. ಕೇಳಲು ಹಿತವಾದ ಮಾತಲ್ಲ. ಆದರೆ ವೈಭವದ ಕಥೆ ಹೇಳುವಾಗ ಇದನ್ನು ನುಂಗಿಕೊಂಡು ಹೇಳುವುದು ಸರಿಯೂ ಅಲ್ಲ.

ನ್ಯೂನಿಜ್ ಇನ್ನೆರಡು ಸಂಗತಿ ಕೊಡುತ್ತಾನೆ. ಒಂದು, ಈ ಕೆಲಸಕ್ಕೆ ಗೋವೆಯಿಂದ ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬನನ್ನು ಕರೆಸಿಕೊಂಡಿದ್ದರು. ಗಾರೆ ಬೇಕು ಎಂಬುದು ಅವನ ಮಾತು. ದೊಡ್ಡ ಕಲ್ಲುಗಳನ್ನೇ ತಂದು ಸುರಿಯಿರಿ ಎಂಬುದು ರಾಯನ ಮಾತು. ಪರದೇಶದ ತಜ್ಞ ಮತ್ತು ಊರಿನ ಹಟ, ಎರಡೂ ಹೊಸದಲ್ಲ ನೋಡಿ. ಇನ್ನೊಂದು, ಕೆರೆ ನಿಂತ ಮೇಲೆ ಅದರ ಕೆಳಗಿನ ಜಮೀನನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟರು. ಭೂಮಿ ಹದಕ್ಕೆ ಬರಲಿ, ಆಮೇಲೆ ತೆರಿಗೆ ಎಂದು. ಬೊಕ್ಕಸದ ಲೆಕ್ಕ ಬಲ್ಲವನ ಔದಾರ್ಯ ಅದು. ಈಗ ಆ ಕೆರೆಯಂಗಳದಲ್ಲಿ ನೀರು ನಿಲ್ಲುವುದು ಅಪರೂಪ. ಬೇಸಾಯ ನಡೆಯುತ್ತದೆ.

ರಾಜ್ಯದ ಬೇರೆ ಕಡೆಗಳಲ್ಲಿ ಇಂಥ ಕೆಲಸ ಬಲ್ಲವರ ಹೆಸರು ಅಲ್ಲೊಂದು ಇಲ್ಲೊಂದು ಉಳಿದಿದೆ. 1388ರ ಒಂದು ಶಾಸನ ಗೌರಿಬಿದನೂರಿನ ಕಡೆಯದು. ಪೆನ್ನೆ ನದಿಯ ನೀರನ್ನು ಕಾಲುವೆ ತೋಡಿ ಕೆರೆಗೆ ತಂದ ಸಿಂಗಾಯಭಟ್ಟ ಎಂಬ ಜಲಸೂತ್ರದ ಪಂಡಿತನನ್ನು ಅದು ಹೆಸರಿಟ್ಟು ಹೇಳುತ್ತದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ 1369ರ ಶಾಸನವಂತೂ ಒಂದು ಪಾಠವೇ. ಒಳ್ಳೆಯ ಕೆರೆಗೆ ಏನೇನು ಬೇಕು, ಯಾವುದರಿಂದ ಕೆರೆ ಕೆಡುತ್ತದೆ ಎಂದು ಎಣಿಸಿ ಹೇಳುತ್ತದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಅಲ್ಲಿದೆ.

ಸರಿ, ಕಟ್ಟಿದ್ದಾಯಿತು. ಈಗ ಕೆಟ್ಟದ್ದರ ಮಾತಿಗೆ ಬರೋಣ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗ. ವಿಜಯನಗರದ ಪಡೆ ನಡೆಸಿದ ಅಳಿಯ ರಾಮರಾಯ ಬಿದ್ದ. ರಾಜಮನೆತನ ಪೆನುಕೊಂಡೆಗೆ ಹೋಯಿತು. ಪಟ್ಟಣ ಸೂರೆಯಾಯಿತು. ಎರಡು ವರ್ಷದ ಮೇಲೆ ಇಲ್ಲಿಗೆ ಬಂದ ಇಟಲಿಯ ವರ್ತಕ ಸೀಸರ್ ಫೆಡರಿಕ್, ಮನೆಗಳು ನಿಂತಿವೆ, ಒಳಗೆ ಮಾತ್ರ ಕಾಡುಮೃಗಗಳ ವಾಸ ಎಂದು ಬರೆದ.

ಆಗ ನೀರಿಗೇನಾಯಿತು? ಅರಮನೆಯ ನೀರು ನಿಂತಿತು. ಕೊಳವೆ ಕಟ್ಟಿಕೊಂಡರೆ ಬಿಡಿಸುವವರಿಲ್ಲ. ಕಲ್ಲಿನ ದೋಣಿ ಜಾರಿ ಬಿದ್ದರೆ ಎತ್ತಿಡುವವರಿಲ್ಲ. ಪುಷ್ಕರಣಿಯಲ್ಲಿ ಮಣ್ಣು ತುಂಬಿತು. ಆ ನೀರನ್ನು ಹರಿಸುತ್ತಿದ್ದದ್ದು ರಾಜನ ಆಜ್ಞೆ. ಆಜ್ಞೆ ಹೋಯಿತು, ನೀರೂ ಹೋಯಿತು. ತುರ್ತಾ ಕಾಲುವೆ ಮಾತ್ರ ಹರಿಯುತ್ತಲೇ ಇತ್ತು. ಏಕೆಂದರೆ ಹೂಳು ತೆಗೆಯದಿದ್ದರೆ ಮುಂದಿನ ಭತ್ತ ಇಲ್ಲ ಎಂಬುದು ಕಣಿವೆಯ ರೈತನಿಗೆ ಗೊತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ನೀರಗಂಟಿ ಇದ್ದ. ಬಿಜಾಪುರದ ಆದಿಲಶಾಹಿಯೋ ಮೈಸೂರಿನ ಟಿಪ್ಪುವೋ ಕಂಪನಿ ಸರ್ಕಾರವೋ, ಕಂದಾಯ ಯಾರಿಗೆ ಹೋದರೂ ನೀರು ಗದ್ದೆಗೆ ಹೋಗಬೇಕು. ಒಂದೇ ಕಾಲದ, ಒಂದೇ ಕೈಗಳ ಕೆಲಸ. ಒಂದು ಮಣ್ಣಾಯಿತು, ಇನ್ನೊಂದು ಉಳಿಯಿತು. ಹಂಪಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಎರಡನ್ನೂ ನೋಡಬಹುದು.

ನಮ್ಮ ಕಾಲದ ಮಾತೂ ಇದಕ್ಕೆ ಸೇರುತ್ತದೆ. 1953ರ ಹೊತ್ತಿಗೆ ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದಿತು. ಹಳೆಯ ರಾಯ ಕಾಲುವೆ, ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು. ಮೂವತ್ಮೂರು ಗೇಟುಗಳ ಈ ಅಣೆಕಟ್ಟಿನಲ್ಲಿ 2024ರ ಆಗಸ್ಟಿನ ಒಂದು ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಹರಿವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿ, ಸುಮಾರು ಒಂದು ವಾರದಲ್ಲಿ ಹರಿವನ್ನು ನಿಲ್ಲಿಸಿದರು. ರಾಯರಕೆರೆಯ ಏರಿ ಒಡೆದ ಕಥೆ ಓದಿದವರಿಗೆ ಆ ದಿನಗಳಲ್ಲಿ ಅದು ನೆನಪಾಗದೆ ಇರಲಿಲ್ಲ.

ಗದ್ದೆ, ಅರಮನೆ, ಕೆರೆ ಆಯಿತು. ಉಳಿದದ್ದು ನದಿ. ವಿಠ್ಠಲನ ಗುಡಿಯ ಹತ್ತಿರ ನದಿಯ ದಂಡೆಗೆ ಬನ್ನಿ. ನೀರಿನಲ್ಲಿ ಕಲ್ಲಿನ ಕಂಬಗಳ ಸಾಲು ನಿಂತಿದೆ. ಹಳೆಯ ಸೇತುವೆಯ ಉಳಿಕೆ. ಹತ್ತಿರದಲ್ಲೇ ಪುರಂದರ ಮಂಟಪ. ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟ ಸುದ್ದಿ ಬಂದರೆ, ಮಂಟಪ ಮುಳುಗಿತು ಎಂಬ ಸುದ್ದಿಯೂ ಹಿಂದೆಯೇ ಬರುತ್ತದೆ. ಆನೆಗುಂದಿಯ ಕಡೆ ದಾಟಲು ಹರಿಗೋಲು. ಬಿದಿರು ಹೆಣೆದ, ಬುಟ್ಟಿಯಂಥ ದುಂಡು ದೋಣಿ. ಪಯಸ್ ಕಂಡದ್ದೂ ಇದನ್ನೇ. ಆಗ ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರಂತೆ. ಈಗ ಹೊದಿಕೆ ಪ್ಲಾಸ್ಟಿಕ್ಕಿನದು. ಅಷ್ಟು ಜನರನ್ನು ಹತ್ತಿಸಿದರೆ ನೀವು ಹತ್ತಬೇಡಿ. ಈಜಲು ಇಳಿಯಲೂಬೇಡಿ. ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ಕೆಳಗೆ ಸುಳಿ ಇರುತ್ತದೆ, ಅನುಭವಿಸಿ ತಿಳಿಯುವ ಮಾತಲ್ಲ ಅದು.

ಹೋಗುವುದು ಯಾವಾಗ? ಎಲ್ಲರೂ ಚಳಿಗಾಲ ಎನ್ನುತ್ತಾರೆ. ನೀರಿಗಾಗಿ ಹೋಗುವವರು ಮಳೆಗಾಲದ ಕೊನೆಗೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ. ಕೆರೆ ತುಂಬಿರುತ್ತದೆ, ಕಾಲುವೆ ಹರಿಯುತ್ತಿರುತ್ತದೆ, ನಾಟಿಯಾದ ಗದ್ದೆ ಹಸುರಾಗಿರುತ್ತದೆ. ಬೇಸಗೆಯಲ್ಲಿ ದುರಸ್ತಿಗೆಂದು ಕಾಲುವೆಗೆ ನೀರು ನಿಲ್ಲಿಸುವುದೂ ಉಂಟು. ತೋಟದ ಬದುವಿನ ಮೇಲೆ ನಡೆಯುವಾಗ ಯಜಮಾನರು ಕಂಡರೆ ಒಂದು ಮಾತು ಕೇಳಿ ನಡೆಯಿರಿ. ಅದು ಅವರ ಹೊಲ. ತಿಂಡಿಯ ಪೊಟ್ಟಣವನ್ನು ಕಾಲುವೆಗೆ ಎಸೆದರೆ ಅದು ಹೋಗಿ ನಿಲ್ಲುವುದು ಯಾರದೋ ಮಡಿಯ ಬಾಯಲ್ಲಿ.

ಒಂದೇ ದಿನ ಇದ್ದವರು ಹೀಗೆ ಮಾಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಬಡವಿಲಿಂಗದಿಂದ ಕಾಲುವೆಯ ಏರಿ ಹಿಡಿದು ನಡೆಯಿರಿ. ಮಧ್ಯಾಹ್ನ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಬನ್ನಿ. ಅಲ್ಲಿ ಇಡೀ ಹಂಪಿಯ ಗುಡ್ಡ, ಕಣಿವೆ, ನದಿಗಳ ಮಾದರಿಯೊಂದನ್ನು ಮಾಡಿಟ್ಟಿದ್ದಾರೆ. ಬೆಳಿಗ್ಗೆ ನಡೆದ ದಾರಿಯನ್ನು ಅದರಲ್ಲಿ ಬೆರಳಿನಿಂದ ಹುಡುಕಿ, ಕೆರೆ ಎತ್ತರದಲ್ಲಿದೆ, ಅರಮನೆ ತಗ್ಗಿನಲ್ಲಿದೆ ಎಂಬುದನ್ನು ಮಕ್ಕಳಿಗೆ ತೋರಿಸಿ. ಆಮೇಲೆ ಅರಮನೆಯ ಆವರಣಕ್ಕೆ ಹೋದರೆ ಕಲ್ಲಿನ ದೋಣಿ ಯಾವ ಕಡೆಯಿಂದ ಬಂತೆಂದು ಅವರೇ ಹೇಳುತ್ತಾರೆ. ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರಿನಷ್ಟು ದಾರಿ, ಬಸ್ಸು ಧಾರಾಳವಾಗಿ ಸಿಗುತ್ತದೆ. ಶುಕ್ರವಾರ ಬಿಟ್ಟು ಹೋಗಿ, ಆ ದಿನ ವಸ್ತುಸಂಗ್ರಹಾಲಯಕ್ಕೆ ರಜೆ.